ಅನಿಮೋನನ್ನು ನೆಡಬೇಡಿ

ಮನೆಯ ಉಪ್ಪುನೀರಿನ ಮೀನು ಟ್ಯಾಂಕಿಗೆ ಹೊಸ ಅನಿಮೋನ್, ಅಂದರೆ ಹೂವಿನಂತೆ ಕಾಣುವ ಕಡಲ ಪ್ರಾಣಿ, ತಂದವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ಗಿಡ ನೆಟ್ಟ ಹಾಗೆ ಅದನ್ನು ಟ್ಯಾಂಕಿನ ನಡುಮಧ್ಯೆ, ಎಲ್ಲರಿಗೂ ಕಾಣುವ ಕಲ್ಲಿನ ಮೇಲೆ ಕೂರಿಸುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಅದು ಅಲ್ಲಿಲ್ಲ. ಕಿತ್ತು ತಂದು ಮತ್ತೆ ಅಲ್ಲೇ ಕೂರಿಸುತ್ತಾರೆ. ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ಅದರ ಪಾದ, ಅಂದರೆ ಕಲ್ಲಿಗೆ ಅಂಟಿಕೊಳ್ಳುವ ಮೈಯ ತಳ, ಹರಿಯುತ್ತದೆ. ಹರಿದ ಪಾದ ಕೊಳೆಯಲು ಶುರುವಾದರೆ ಅನಿಮೋನ್ ಉಳಿಯುವುದು ಕಷ್ಟ.

ಇದಕ್ಕೆಲ್ಲ ಅರ್ಧ ಕಾರಣ ಹೆಸರು. ಅನಿಮೋನ್ ಎಂಬುದು ನೆಲದ ಮೇಲೆ ಅರಳುವ ಒಂದು ಹೂವಿನ ಹೆಸರು. ನೋಡಲು ಹಾಗೇ ಇದೆ ಅಂತ ಕಡಲ ಪ್ರಾಣಿಗೂ ಅದನ್ನೇ ಅಂಟಿಸಿದರು. ಇಂಥವು ಗಿಡವೋ ಪ್ರಾಣಿಯೋ ಎಂಬ ಗೊಂದಲ ಅರಿಸ್ಟಾಟಲ್‌ಗೂ ಇತ್ತು. ಆಮೇಲೂ ಬಹುಕಾಲ ಇವನ್ನು ಸಸ್ಯಪ್ರಾಣಿ ಎಂದೇ ಕರೆಯುತ್ತಿದ್ದರು. ಆದರೆ ಇದು ಪೂರ್ತಿ ಪ್ರಾಣಿ. ಹವಳ, ಅಂಬಲಿ ಮೀನುಗಳ (ಜೆಲ್ಲಿಫಿಶ್) ನೆಂಟ. ಬಾಯಿದೆ, ಹೊಟ್ಟೆಯಿದೆ, ಸ್ನಾಯುಗಳಿವೆ, ಕುಟುಕುವ ಕೋಶಗಳಿವೆ. ಕಾಲು ಇಲ್ಲದಿದ್ದರೂ ನಡೆಯುತ್ತದೆ.

ಮೂಳೆ ಮಾತ್ರ ಇಲ್ಲ. ಹಾಗಾದರೆ ಅದು ನೆಟ್ಟಗೆ ನಿಲ್ಲುವುದು ಹೇಗೆ? ನೀರಿನಿಂದ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ಗಟ್ಟಿಯಾಗುವುದಿಲ್ಲವೇ, ಹಾಗೆ. ಬೆಂಕಿ ಆರಿಸುವವರ ಪೈಪು ಖಾಲಿ ಇದ್ದಾಗ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ, ನೀರು ಬಿಟ್ಟ ಕೂಡಲೇ ಕಂಬದಂತಾಗುತ್ತದೆ. ಅನಿಮೋನ್ ಬಾಯಿಯಿಂದ ಸಮುದ್ರದ ನೀರು ಎಳೆದುಕೊಂಡು, ಬಾಯಿ ಮುಚ್ಚಿ, ಸ್ನಾಯು ಬಿಗಿಹಿಡಿಯುತ್ತದೆ. ಒಳಗೆ ಸಿಕ್ಕಿಬಿದ್ದ ನೀರೇ ಅದರ ಬೆನ್ನುಮೂಳೆ. ಬಾಯಿಯ ಸುತ್ತ ಬೆರಳಿನಂತೆ ಚಾಚಿರುವ ಒಂದೊಂದು ಟೆಂಟಕಲ್ ಕೂಡ ಒಂದೊಂದು ಪುಟ್ಟ ನೀರಿನ ಚೀಲ.

ಇದು ಅರ್ಥವಾದರೆ ಹೊಸ ಅನಿಮೋನನ್ನು ಟ್ಯಾಂಕಿಗೆ ಯಾಕೆ ಅಷ್ಟು ನಿಧಾನವಾಗಿ ಬಿಡಬೇಕು ಎಂಬುದೂ ತಿಳಿಯುತ್ತದೆ. ಅದಕ್ಕೆ ನಮ್ಮ ಹಾಗೆ ಮೂತ್ರಪಿಂಡ ಇಲ್ಲ. ಹೊರಗಿನ ನೀರಲ್ಲಿ ಎಷ್ಟು ಉಪ್ಪೋ, ಮೈಯ ಒಳಗೂ ಹೆಚ್ಚುಕಡಿಮೆ ಅದೇ ಹದ. ಉಪ್ಪು ಕಮ್ಮಿ ಇರುವ ನೀರಿಗೆ ಸಟ್ಟನೆ ಹಾಕಿದರೆ ಜೀವಕೋಶಗಳಿಗೆ ನೀರು ನುಗ್ಗಿ ಅವು ಉಬ್ಬುತ್ತವೆ, ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿದ ಹಾಗೆ. ಉಪ್ಪು ಜಾಸ್ತಿಯಾದರೆ ಸುಕ್ಕುತ್ತವೆ. ಅದಕ್ಕೇ ಮೊದಲು ಚೀಲವನ್ನು ಕಾಲು ಗಂಟೆ ಟ್ಯಾಂಕಿನ ನೀರಲ್ಲಿ ತೇಲಿಸಿ, ಬಿಸಿ ಸಮವಾಗಲಿ. ಆಮೇಲೆ ಅನಿಮೋನನ್ನು ಅದರ ನೀರಿನ ಸಮೇತ ಒಂದು ಪಾತ್ರೆಗೆ ಹಾಕಿ, ಸಣ್ಣ ಪೈಪಿನಲ್ಲಿ ಟ್ಯಾಂಕಿನ ನೀರನ್ನು ತೊಟ್ಟು ತೊಟ್ಟಾಗಿ ಸುಮಾರು ಒಂದು ಗಂಟೆ ಬಿಡಿ. ಟ್ಯಾಂಕಿನ ನೀರಿನ ಸಾಂದ್ರತೆ (ಸಿಹಿನೀರನ್ನು 1 ಎಂದಿಟ್ಟುಕೊಂಡರೆ) 1.025ರ ಆಸುಪಾಸು, ಬಿಸಿ 25–27 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಟ್ಯಾಂಕ್ ಹೊಸದಾಗಿದ್ದರೆ ಅನಿಮೋನ್ ತರಲೇಬೇಡಿ. ಕನಿಷ್ಠ ಆರು ತಿಂಗಳು ಹಳೆಯದಾಗಲಿ.

ಇಲ್ಲಿ ನನಗೆ ಎಡಿನ್‌ಬರೋದ ಅಜ್ಜಿ ನೆನಪಾಗುತ್ತಾಳೆ. ಸರ್ ಜಾನ್ ಡಾಲ್ಯೆಲ್ ಎಂಬ ಸ್ಕಾಟ್ಲೆಂಡಿನ ಪ್ರಕೃತಿ ವಿಜ್ಞಾನಿ 1828ರಲ್ಲಿ ಕಡಲ ದಡದಿಂದ ಒಂದು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿ ಸಾಕಿದ. 1851ರಲ್ಲಿ ಅವನೇ ತೀರಿಕೊಂಡ. ಅನಿಮೋನ್ ಮಾತ್ರ ಕೈಯಿಂದ ಕೈಗೆ ದಾಟುತ್ತಾ, ನೂರಾರು ಮರಿ ಹಾಕುತ್ತಾ 1887ರವರೆಗೆ ಬದುಕಿತು. ಜನ ಅದನ್ನು 'ಗ್ರ್ಯಾನಿ', ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಪಂಪಿಲ್ಲ, ಫಿಲ್ಟರಿಲ್ಲ, ದೀಪವಿಲ್ಲ. ಒಂದು ಜಾಡಿಯಲ್ಲಿ 59 ವರ್ಷ!

ಹಾಗಂತ ನಮ್ಮದನ್ನೂ ಜಾಡಿಯಲ್ಲಿ ಇಡಲಾಗದು. ಅಜ್ಜಿ ಅಲೆ ಬಡಿಯುವ ದಡದ ಜಾತಿ. ದಿನಕ್ಕೆರಡು ಸಲ ನೀರಿಳಿದು ಬಂಡೆ ಒಣಗಿದರೂ ತಾಳಿಕೊಳ್ಳುತ್ತದೆ. ಅನಿಮೋನಿನಲ್ಲೇ ಮನೆ ಮಾಡುವ ಕ್ಲೌನ್ ಮೀನಿನ ಜೊತೆ ಇಡಲು ತರುವ ಬಬಲ್ ಟಿಪ್‌ನಂಥ ಜಾತಿಗಳು ಬೆಚ್ಚನೆಯ ಹವಳ ದಿಬ್ಬದವು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಒಕ್ಕಲಿರುತ್ತದೆ. ಪಾಚಿ ಬೆಳಕಿನಲ್ಲಿ ಆಹಾರ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಅನಿಮೋನಿಗೆ ಕೊಡುತ್ತದೆ. ಅದಕ್ಕೆ ಬದಲಾಗಿ ಇರಲು ಜಾಗ, ಗೊಬ್ಬರ ಪಡೆಯುತ್ತದೆ. ಕಂದು ಬಣ್ಣ ಬರುವುದು ಈ ಪಾಚಿಯಿಂದಲೇ. ಅಚ್ಚ ಬಿಳಿ ಅನಿಮೋನ್ ಸಿಕ್ಕಿತು, ಅಪರೂಪದ್ದು ಎಂದು ಖುಷಿಪಡುವವರಿಗೆ ನಾನು ಹೇಳುವುದಿಷ್ಟೇ: ಅದರ ಪಾಚಿ ಹೊರಟುಹೋಗಿದೆ, ಅದು ಹಸಿದಿದೆ. ಕಡು ಹಳದಿ, ನೇರಳೆ ಬಣ್ಣ ಹಾಕಿ ಮಾರುವುದೂ ಉಂಟು. ಅಂಥದ್ದನ್ನು ಮುಟ್ಟಬೇಡಿ.

ಹೀಗಾಗಿ ಅನಿಮೋನ್ ಜಾಗ ಹುಡುಕುವುದು ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸಲು. ಪಾದಕ್ಕೆ ಕತ್ತಲಿನ ಬಿರುಕು ಬೇಕು, ತಲೆಗೆ ಬೆಳಕು ಬೇಕು. ಒಮ್ಮೆ ರಾತ್ರಿ ಮಂದ ಕೆಂಪು ಟಾರ್ಚ್ ಹಿಡಿದು ನನ್ನ ಟ್ಯಾಂಕಿನ ಮುಂದೆ ಕೂತಿದ್ದೆ. ಗಾಜಿಗೆ ಅಂಟಿದ್ದ ಪಾದದ ಒಂದು ಅಂಚು ಮೆಲ್ಲಗೆ ಎದ್ದಿತು. ಬೆರಳಿನ ಹಾಗೆ ಮುಂದೆ ಚಾಚಿತು, ತಡವಿತು, ಅಂಟಿತು. ಆಮೇಲೆ ಹಿಂದಿನ ಅಂಚು ಸಡಿಲಾಯಿತು. ಅರ್ಧ ಗಂಟೆಗೆ ಒಂದು ಉಗುರಿನಷ್ಟು ದೂರ! ಅದನ್ನು ಕಣ್ಣಾರೆ ನೋಡಿದ ಮೇಲೆ ನಾನು ಅನಿಮೋನನ್ನು ಎತ್ತಿ ಬೇರೆಡೆ ಇಟ್ಟಿದ್ದೇ ಇಲ್ಲ.

ನಡೆಯುವಾಗ ದೊಡ್ಡ ಅಪಾಯ ಪಂಪಿನದು. ನೀರೆಳೆಯುವ ಬಾಯಿಗೆ ಮೊದಲೇ ಸ್ಪಂಜು ಕಟ್ಟಿ. ಇಲ್ಲದಿದ್ದರೆ ಅನಿಮೋನ್ ಅದರೊಳಗೆ ಸಿಕ್ಕಿ ಚೂರಾಗುತ್ತದೆ, ಕೊಳೆತು ಇಡೀ ಟ್ಯಾಂಕಿನ ಮೀನುಗಳನ್ನೂ ಕೊಲ್ಲಬಹುದು. ಇನ್ನು, ಒಂದು ದಿನ ಅದು ಗಾಳಿ ಹೋದ ಬಲೂನಿನಂತೆ ಮುದುಡಿದರೆ ಹೆದರಬೇಡಿ. ಹಳೇ ನೀರು, ಕಸ ಹೊರಹಾಕುತ್ತಿದೆ, ಅಷ್ಟೇ. ಉಣ್ಣುವುದಕ್ಕೂ ಉಗುಳುವುದಕ್ಕೂ ಇರುವುದು ಅದೊಂದೇ ಬಾಯಿ. ಆದರೆ ಆ ಬಾಯಿ ದಿನಗಟ್ಟಲೆ ತೆರೆದೇ ಇದ್ದರೆ, ಮೈ ಕರಗಿ ಕೆಟ್ಟ ವಾಸನೆ ಬಂದರೆ ತಡಮಾಡದೆ ಹೊರಗೆ ತೆಗೆಯಿರಿ.

ಪಾದ ಊರಿದ ಮೇಲೂ ಒಂದು ವಾರ ಸುಮ್ನೆ ಬಿಡಿ. ಆಮೇಲೆ ಬಟಾಣಿ ಗಾತ್ರದ ಸಿಗಡಿ ಚೂರೊಂದನ್ನು ಚಿಮಟದಲ್ಲಿ ಹಿಡಿದು ಟೆಂಟಕಲ್‌ಗೆ ತಾಗಿಸಿ. ಒಂದು ಟೆಂಟಕಲ್ ಅಂಟುತ್ತದೆ. ಪಕ್ಕದ್ದು ಬಾಗುತ್ತದೆ, ಅದರ ಪಕ್ಕದ್ದೂ ಬಾಗುತ್ತದೆ. ಚೂರು ಮೆಲ್ಲಗೆ ನಡುವಿನ ಬಾಯಿಯ ಕಡೆಗೆ ಸಾಗುತ್ತದೆ, ತುಟಿ ಮೇಲೆದ್ದು ಅದನ್ನು ಒಳಗೆ ಎಳೆದುಕೊಳ್ಳುತ್ತದೆ.