ಸಂಗಾತಿ ಅಶ್ಲೀಲ ವಿಡಿಯೊ ನೋಡಿದರೆ ದಾಂಪತ್ಯ ಹಾಳಾಗುತ್ತದೆಯೇ?

ಪ್ರಶ್ನೆ: ನಮ್ಮ ಮದುವೆಯಾಗಿ ಒಂಬತ್ತು ವರ್ಷಗಳಾದವು. ಪತಿ ರಾತ್ರಿ ಹೊತ್ತು ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುತ್ತಾರೆಂಬುದು ಇತ್ತೀಚೆಗೆ ತಿಳಿಯಿತು. ಕೇಳಿದರೆ, ‘ಎಲ್ಲರೂ ನೋಡುತ್ತಾರೆ, ಜಾಹೀರಾತುಗಳಲ್ಲಿ ಇರುವುದೂ ಅದೇ ತಾನೆ’ ಎನ್ನುತ್ತಾರೆ. ಇದರಿಂದ ದಾಂಪತ್ಯ ಹಾಳಾಗುತ್ತದೆಯೇ ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ?

ಉತ್ತರ: ನೀವು ಅತಿಯಾಗಿ ಯೋಚಿಸುತ್ತಿಲ್ಲ. ಹಾಗೆಂದು, ಆ ವಿಡಿಯೊಗಳನ್ನು ನೋಡಿದ ಮಾತ್ರಕ್ಕೆ ದಾಂಪತ್ಯ ಮುರಿದೇ ಬೀಳುತ್ತದೆ ಎನ್ನಲು ಆಧಾರವೂ ಇಲ್ಲ. ಹಾನಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿದರೆ, ನಿಮ್ಮ ಪತಿಯ ಸಮರ್ಥನೆಯಲ್ಲಿ ಎಷ್ಟು ಹುರುಳಿದೆ ಎಂಬುದೂ ತಿಳಿದೀತು.

ಅಮೆರಿಕದಲ್ಲಿ 2006ರಿಂದ 2014ರ ನಡುವೆ ಅದೇ ಜನರನ್ನು ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸಂದರ್ಶಿಸಿ ಕಲೆಹಾಕಿದ ಮಾಹಿತಿಯನ್ನು ಸ್ಯಾಮ್ಯುಯೆಲ್ ಪೆರಿ ಮತ್ತು ಸೈರಸ್ ಶ್ಲೈಫರ್ ಎಂಬ ಸಮಾಜಶಾಸ್ತ್ರಜ್ಞರು ವಿಶ್ಲೇಷಿಸಿ, 2018ರಲ್ಲಿ ಪ್ರಕಟಿಸಿದರು. ಎರಡು ಸಂದರ್ಶನಗಳ ನಡುವಿನ ಅವಧಿಯಲ್ಲಿ ಹೊಸದಾಗಿ ಅಶ್ಲೀಲ ಚಿತ್ರ ನೋಡತೊಡಗಿದ ವಿವಾಹಿತರಲ್ಲಿ ವಿಚ್ಛೇದನದ ಸಂಭವ ಶೇಕಡಾ 6ರಿಂದ 11ಕ್ಕೆ, ಅಂದರೆ ಸುಮಾರು ಎರಡು ಪಟ್ಟಿಗೆ ಏರಿತ್ತು. ಆದರೆ ನೋಡಿದ್ದರಿಂದ ಸಂಬಂಧ ಕೆಟ್ಟಿತೋ, ಸಂಬಂಧ ಮೊದಲೇ ಬಿಗಡಾಯಿಸಿದ್ದರಿಂದ ನೋಡತೊಡಗಿದರೋ ಎಂಬುದನ್ನು ಇಂಥ ಅಂಕಿಗಳು ಇತ್ಯರ್ಥಪಡಿಸುವುದಿಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ವಿವರ. ಆರಂಭದಲ್ಲಿ ‘ನಾವು ಸುಖವಾಗಿದ್ದೇವೆ’ ಎಂದಿದ್ದ ದಂಪತಿಗಳಲ್ಲಿಯೇ ಈ ನಂಟು ಹೆಚ್ಚು ಬಲವಾಗಿ ಕಂಡಿತು. ಮೊದಲೇ ಮುನಿಸಿಕೊಂಡಿದ್ದ ಮನೆಗಿಂತ, ಎಲ್ಲವೂ ಸರಿಯಿದೆ ಎಂದು ನಂಬಿದ್ದ ಮನೆಯಲ್ಲಿ ಗುಟ್ಟು ರಟ್ಟಾದಾಗ ಆಗುವ ಆಘಾತ ದೊಡ್ಡದು ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಹೋಲಿಕೆಯ ವಿಷಯಕ್ಕೆ ಬಂದರೆ, ಹೆಚ್ಚಿನವರು ನಂಬಿರುವ ವಾದವೊಂದಿದೆ: ಪರದೆಯ ಮೇಲಿನ ತಿದ್ದಿ ತೀಡಿದ ದೇಹಗಳನ್ನು ಕಂಡ ಕಣ್ಣಿಗೆ ಸಂಗಾತಿ ಸಪ್ಪೆಯಾಗಿ ಕಾಣುತ್ತಾರೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪುರುಷರ ಪತ್ರಿಕೆಯ ನಗ್ನ ಚಿತ್ರಗಳನ್ನು ನೋಡಿದ ಗಂಡಸರು ತಮ್ಮ ಸಂಗಾತಿಯ ಬಗೆಗಿನ ಒಲವನ್ನು ಕಡಿಮೆ ಅಂಕಗಳಲ್ಲಿ ಅಳೆದಿದ್ದರು. ಮೂರು ದಶಕಗಳ ಕಾಲ ಇದನ್ನು ಉದ್ಧರಿಸಿದ್ದೇ ಉದ್ಧರಿಸಿದ್ದು. 2017ರಲ್ಲಿ ಬೇರೆ ಸಂಶೋಧಕರು ಹೆಚ್ಚು ಜನರನ್ನಿಟ್ಟುಕೊಂಡು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ‘ನಾನು ಅವರ ಕಣ್ಣಿಗೆ ಸಾಲದಾದೆ’ ಎಂದು ನೀವು ಕೊರಗುತ್ತಿದ್ದರೆ, ಆ ತೀರ್ಮಾನಕ್ಕೆ ಅವಸರ ಬೇಡ. ಹಾಗೆಂದು ತೃಪ್ತಿಯ ಮೇಲೆ ಪರಿಣಾಮವೇ ಇಲ್ಲವೆಂದಲ್ಲ. ಐವತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲೇ ನಡೆಸಿದ ಮತ್ತೊಂದು ವಿಶ್ಲೇಷಣೆಯ ಪ್ರಕಾರ, ಅಶ್ಲೀಲ ಚಿತ್ರ ನೋಡುವ ಗಂಡಸರಲ್ಲಿ ಸಂಬಂಧದ ಬಗೆಗಿನ ಮತ್ತು ಲೈಂಗಿಕ ತೃಪ್ತಿ ಕೊಂಚ ಕಡಿಮೆಯಿತ್ತು. ಹೆಂಗಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಆ ವಿಡಿಯೊಗಳು ಏನನ್ನು ರೂಢಿ ಮಾಡಿಸುತ್ತವೆ ಎಂಬ ಪ್ರಶ್ನೆ. ನನ್ನ ಆಕ್ಷೇಪವಿರುವುದು ಮುಖ್ಯವಾಗಿ ಇಲ್ಲಿ. ಜನಪ್ರಿಯ ಅಶ್ಲೀಲ ವಿಡಿಯೊಗಳಿಂದ ಆಯ್ದ 304 ದೃಶ್ಯಗಳನ್ನು ಒಂದೊಂದಾಗಿ ಪರಿಶೀಲಿಸಿದ 2010ರ ಅಧ್ಯಯನವು, ಅವುಗಳಲ್ಲಿ ಸುಮಾರು ಶೇಕಡಾ 88ರಷ್ಟು ದೃಶ್ಯಗಳಲ್ಲಿ ಹೊಡೆತ, ಉಸಿರುಕಟ್ಟಿಸುವಂಥ ವರ್ತನೆ ಮುಂತಾದ ದೈಹಿಕ ಆಕ್ರಮಣವನ್ನು ಗುರುತಿಸಿತು. ಲಘುವಾದ ಏಟನ್ನೂ ಆ ಲೆಕ್ಕಕ್ಕೆ ಸೇರಿಸಿದ್ದರು ಎಂಬುದನ್ನು ಮರೆಯಬಾರದು. ಏಟು ತಿಂದವರಲ್ಲಿ ಬಹುಪಾಲು ಹೆಂಗಸರು, ಮತ್ತು ಏಟು ಬಿದ್ದಾಗ ಅವರು ಸಂತೋಷವನ್ನು ತೋರಿಸುತ್ತಾರೆ ಅಥವಾ ಸುಮ್ಮನಿರುತ್ತಾರೆ. ನಿಜವಾದ ಹಾಸಿಗೆಯಲ್ಲಿ ನಡೆಯುವ ಎಷ್ಟೋ ಸಂಗತಿಗಳು ಅಲ್ಲಿ ಇಲ್ಲವೇ ಇಲ್ಲ: ‘ಇವತ್ತು ಬೇಡ’ ಎನ್ನುವುದು, ‘ನೋವಾಗುತ್ತಿದೆ’ ಎಂದು ತಡೆಯುವುದು, ಅರ್ಧದಲ್ಲಿ ಇಬ್ಬರಿಗೂ ನಗು ಬರುವುದು. ಪ್ರಾಯದವರಿಗೆ ಇದು ಸಿನಿಮಾದ ಹೊಡೆದಾಟದಷ್ಟೇ ನಟನೆಯೆಂದು ಗೊತ್ತಿರುತ್ತದೆ ಎನ್ನೋಣ. ಆದರೆ ಇಂಗ್ಲೆಂಡಿನ ಮಕ್ಕಳ ಆಯುಕ್ತರ 2023ರ ವರದಿಯಂತೆ, ಅಲ್ಲಿನವರು ಮೊದಲ ಬಾರಿ ಅಶ್ಲೀಲ ದೃಶ್ಯ ನೋಡುವ ಸರಾಸರಿ ವಯಸ್ಸು 13. ಆ ವಯಸ್ಸಿನವರಿಗೆ ಹೋಲಿಸಿ ನೋಡಲು ಸ್ವಂತ ಅನುಭವ ಎಲ್ಲಿಂದ ಬರಬೇಕು?

‘ಜಾಹೀರಾತಿನಲ್ಲಿರುವುದೂ ಅದೇ’ ಎಂಬ ಮಾತು ಅರ್ಧ ಸತ್ಯ. ಸುಗಂಧದ ಸೀಸೆಯದ್ದೋ ಕಾರಿನದ್ದೋ ಒಂದು ಜಾಹೀರಾತನ್ನು ಸಾವಕಾಶವಾಗಿ ನೋಡಿ: ಕತ್ತಿನ ಮೇಲಿನ ಭಾಗ ಚೌಕಟ್ಟಿನಿಂದ ಹೊರಗೆ, ಒಳಗೆ ಸೊಂಟ, ಅದರ ಪಕ್ಕದಲ್ಲಿ ಮಾರಾಟದ ಸರಕು. ಮುಖವಿಲ್ಲದ ಮೈಗೆ ಇಷ್ಟಾನಿಷ್ಟಗಳಿರುವುದಿಲ್ಲ. ಆ ಮಟ್ಟಿಗೆ ಎರಡರ ನೋಟವೂ ಒಂದೇ. ಈ ನೋಟವನ್ನು ನೋಡಿಸಿಕೊಳ್ಳುವವರು ತಮ್ಮೊಳಗೇ ಇಟ್ಟುಕೊಂಡು, ತಮ್ಮನ್ನು ತಾವು ಹೊರಗಿನಿಂದ ಅಳೆಯತೊಡಗುತ್ತಾರೆ ಎಂದು ಮನಶ್ಶಾಸ್ತ್ರಜ್ಞೆಯರಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ 1997ರಲ್ಲಿ ಪ್ರತಿಪಾದಿಸಿದರು. ಮರುವರ್ಷ ಪ್ರಕಟವಾದ ಪ್ರಯೋಗವೊಂದರಲ್ಲಿ, ಕನ್ನಡಿಯಿದ್ದ ಕೋಣೆಯಲ್ಲಿ ಒಬ್ಬರೇ ಈಜುಡುಗೆ ತೊಟ್ಟು ಗಣಿತದ ಪರೀಕ್ಷೆ ಬರೆದ ಯುವತಿಯರು, ಸ್ವೆಟರ್ ತೊಟ್ಟು ಬರೆದವರಿಗಿಂತ ಕಡಿಮೆ ಅಂಕ ಪಡೆದರು. ಯುವಕರ ಅಂಕಗಳಲ್ಲಿ ಆ ಕುಸಿತವಿರಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ನೋಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟು ಮಾಡಿಯೂ ಸರಕು ಮಾರಾಟವಾಗುತ್ತದೆಯೇ? 78 ಅಧ್ಯಯನಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಕಾಮೋದ್ದೀಪಕ ಜಾಹೀರಾತುಗಳು ಜನರ ನೆನಪಿನಲ್ಲಿ ಉಳಿಯುತ್ತವೆ, ಆದರೆ ಅವು ಯಾವ ಕಂಪನಿಯವು ಎಂಬುದು ಉಳಿಯುವುದಿಲ್ಲ. ಕೊಳ್ಳುವ ಇಚ್ಛೆಯೂ ಹೆಚ್ಚುವುದಿಲ್ಲ. ಜಾಹೀರಾತಿನವರು ಇದನ್ನು ಓದುವುದಿಲ್ಲವೋ ಏನೋ.

ಆದರೂ ನಿಮ್ಮ ಪತಿಯ ವಾದ ಒಂದು ಕಡೆ ನಿಲ್ಲುವುದಿಲ್ಲ. ಬೀದಿಯ ಫಲಕವನ್ನು ಯಾರೂ ಆಯ್ದು ನೋಡುವುದಿಲ್ಲ, ಯಾರಿಂದಲೂ ಮುಚ್ಚಿಡುವುದಿಲ್ಲ. ನೀವು ಮಗ್ಗುಲಾದಾಗ ಫಕ್ಕನೆ ಬೋರಲಾಗುವ ಮೊಬೈಲಿನ ಸಂಗತಿ ಬೇರೆ. ಅದರ ಹಿಂದೆ ಒಂದು ತೀರ್ಮಾನವಿದೆ, ಮತ್ತು ಆ ತೀರ್ಮಾನದಿಂದ ನಿಮ್ಮನ್ನು ಹೊರಗಿಡಲಾಗಿದೆ. ‘ಎಲ್ಲರೂ ನೋಡುತ್ತಾರೆ’ ಎಂಬುದು ನಿಜವೆಂದೇ ಇಟ್ಟುಕೊಂಡರೂ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಮಾತನಾಡುವಾಗ ‘ಚಟ’ ಎಂಬ ಪದವನ್ನು ಮೊದಲೇ ಬಳಸಬೇಡಿ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ‘ಅನಿವಾರ್ಯ ತುಡಿತದ ಲೈಂಗಿಕ ವರ್ತನೆ’ಗೆ ಸ್ಥಾನ ಸಿಕ್ಕಿದೆಯಾದರೂ, ಅದನ್ನು ವ್ಯಸನಗಳ ಗುಂಪಿಗೆ ಸೇರಿಸದೆ ಹತೋಟಿ ತಪ್ಪಿದ ತುಡಿತಗಳ ಗುಂಪಿನಲ್ಲಿ ಇಟ್ಟಿದ್ದಾರೆ. ಯಾರದೇ ವರ್ತನೆಯನ್ನು ಹಾಗೆ ಗುರುತಿಸಬೇಕಾದರೆ, ಬಿಡಬೇಕೆಂದರೂ ಬಿಡಲಾಗದೆ ಕೆಲಸ, ನಿದ್ದೆ, ಸಂಬಂಧಗಳು ತಿಂಗಳುಗಟ್ಟಲೆ ಹದಗೆಟ್ಟಿರಬೇಕು. ತಪ್ಪು ಮಾಡಿದೆನೆಂಬ ಅಳುಕೊಂದೇ ಅದಕ್ಕೆ ಸಾಲದು. ಫೋನನ್ನು ಕಸಿದು ನೋಡುವುದರಿಂದಲೂ ಪ್ರಯೋಜನವಿಲ್ಲ, ಗುಟ್ಟಿನ ಜಾಗ ಬದಲಾಗುತ್ತದೆ ಅಷ್ಟೆ. ಯಾವಾಗಿನಿಂದ, ಯಾವ ಹೊತ್ತಿನಲ್ಲಿ, ನಿಮ್ಮೊಂದಿಗೆ ಹೇಳಿಕೊಳ್ಳಲು ಏನು ಅಡ್ಡಬಂದಿತು ಎಂಬುದನ್ನು ಕೇಳಿ. ಆ ನಂತರ, ನಿಮ್ಮಿಬ್ಬರ ನಡುವೆ ಏನು ಸಮ್ಮತ, ಏನು ಅಸಮ್ಮತ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಒಂಬತ್ತು ವರ್ಷಗಳಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಕ್ಕಿಲ್ಲ. ಅವರು ಮಾತಿಗೇ ಸಿಗದಿದ್ದರೆ ದಾಂಪತ್ಯ ಆಪ್ತಸಮಾಲೋಚಕರ ಬಳಿಗೆ ಒಟ್ಟಿಗೆ ಹೋಗಿ. ಅದಕ್ಕೂ ಒಪ್ಪದಿದ್ದರೆ ನೀವೊಬ್ಬರೇ ಹೋಗಬಹುದು.