ಯಲಹಂಕದಿಂದ ಹೊರಟ ಸಣ್ಣ ರೈಲಿನ ದಾರಿ

ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರದ ರೈಲ್ವೆ ಹಾಲ್ಟ್, ಅಂದರೆ ಪುಟ್ಟ ನಿಲ್ದಾಣ, 2021ರ ಜನವರಿಯಲ್ಲಿ ಶುರುವಾಯಿತು. ಆಗ ತುಂಬಾ ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ. ಇಲ್ಲಿಗೆ ಹಳಿ ಯಾವಾಗ ಹಾಕಿದರು? ಈಗಿರುವ ಹಳಿ ಈಚಿನದು. ಆದರೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಆ ದಾರಿ 1915ರದ್ದು. ವಿಮಾನ ನಿಲ್ದಾಣ ತೆರೆದದ್ದು 2008ರಲ್ಲಿ. ಅದಕ್ಕೆ 93 ವರ್ಷ ಮೊದಲೇ ಇಲ್ಲಿ ರೈಲು ಓಡಾಡುತ್ತಿತ್ತು.

ನಾನು ರೈಲು ಹಳಿಯ ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರ್. ನಿಂತುಹೋದ ಲೈನ್‌ಗಳ ಹಳೇ ನಕ್ಷೆ ಹಿಡಿದು ಹೊಲದ ಬದುಗಳ ಮೇಲೆ ಓಡಾಡುವುದೂ ನನ್ನ ಕೆಲಸವೇ. ಹಾಗಾಗಿ ಈ ಲೈನ್ ಮೇಲೆ ನನಗೆ ಪ್ರೀತಿ ಜಾಸ್ತಿ.

ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಬೆಂಗಳೂರಿಗೆ ಮೊದಲು ಬಂದದ್ದು ಅಗಲದ ಬ್ರಾಡ್ ಗೇಜ್. 1864ರಲ್ಲಿ ಜೋಲಾರ್‌ಪೇಟೆಯಿಂದ ದಂಡಿನ ಸ್ಟೇಷನ್‌ವರೆಗೆ. ಆಮೇಲೆ ಮೈಸೂರು, ತುಮಕೂರು, ಹಿಂದೂಪುರದ ಕಡೆ ಅದಕ್ಕಿಂತ ಕಿರಿದಾದ ಮೀಟರ್ ಗೇಜ್. ನಡುವೆ ಉಳಿದದ್ದು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಸೀಮೆ. ದೊಡ್ಡ ಲೈನ್ ಹಾಕುವಷ್ಟು ಸರಕು ಇಲ್ಲಿ ಸಿಗುತ್ತದೆ ಎಂದು ಯಾರಿಗೂ ನಂಬಿಕೆ ಇರಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಕಿರಿದಾದ ನ್ಯಾರೋ ಗೇಜ್. ಬೌರಿಂಗ್‌ಪೇಟೆ, ಅಂದರೆ ಇವತ್ತಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಳಿ ಬಂತು. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಮುಂದೆ ಎರಡು ತುದಿಗಳೂ ಕೂಡಿಕೊಂಡವು. 1913ರಲ್ಲೂ 1915ರಲ್ಲೂ ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದರು. ಅವರು ಹುಟ್ಟಿದ ಮುದ್ದೇನಹಳ್ಳಿಯೂ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ.

ಈ ಸಣ್ಣ ಲೈನ್‌ನಲ್ಲಿ ಎರಡು ಹಳಿಗಳ ನಡುವೆ 762 ಮಿಲಿಮೀಟರ್ ಅಂತರ. ಬ್ರಾಡ್ ಗೇಜ್‌ನಲ್ಲಿ ಅದು 1,676. ಈ ವ್ಯತ್ಯಾಸ ಬರೀ ಹಳಿಯ ಅಗಲದ್ದಲ್ಲ. ಬ್ರಾಡ್ ಗೇಜ್ ತಿರುವಿನ ತ್ರಿಜ್ಯ 175 ಮೀಟರ್‌ಗಿಂತ ಕಡಿಮೆ ಇರಬಾರದು. 762ರ ಗೇಜ್‌ಗೆ 44 ಮೀಟರ್ ಇದ್ದರೂ ನಡೆಯುತ್ತದೆ. ಅಂದರೆ ಗುಡ್ಡ ಎದುರಾದರೆ ಕಡಿಯಬೇಕಿಲ್ಲ, ಬಳಸಿಕೊಂಡು ಹೋಗಬಹುದು. ಕೆರೆ ಅಡ್ಡ ಬಂದರೆ ಸುತ್ತಬಹುದು. ಹಳಿ ಕೂರುವ ಮಣ್ಣಿನ ಏರಿಯ ಅಗಲವೂ ಕಡಿಮೆ. ಬ್ರಾಡ್ ಗೇಜ್ ಒಂಟಿ ಹಳಿಗೆ ಈಗ ಏರಿಯ ಮೇಲ್ಭಾಗ 7.85 ಮೀಟರ್ ಬೇಕು. ಸಣ್ಣ ಗೇಜ್‌ಗೆ ಅದರ ಅರ್ಧದಷ್ಟು ಸಾಕಿತ್ತು. ಮಣ್ಣು ಕಡಿಮೆ, ಸೇತುವೆ ಚಿಕ್ಕದು, ಹಳಿ ಹಗುರ. ಬಯಲುಸೀಮೆಯ ಬಡ ತಾಲ್ಲೂಕುಗಳಿಗೆ ರೈಲು ಸಿಕ್ಕಿದ್ದೇ ಈ ಲೆಕ್ಕಾಚಾರದಿಂದ. ಅದನ್ನು ಜಿಪುಣತನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದ್ದ ದುಡ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಎಂಜಿನಿಯರಿಂಗ್ ಸಾಧ್ಯವಿರಲಿಲ್ಲ.

ಆದರೆ ಲೈನ್‌ಗೆ ಮುಂದೆ ಮುಳುವಾದದ್ದೂ ಅದೇ ಗೇಜ್. ಯಲಹಂಕದಲ್ಲಿ ಮೀಟರ್ ಗೇಜ್, ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್. ಶ್ರೀನಿವಾಸಪುರದಲ್ಲಿ ತುಂಬಿದ ಮೂಟೆ ಮದ್ರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿಸಿ ಬೇರೆ ವ್ಯಾಗನ್‌ಗೆ ಏರಿಸಬೇಕು. ಅದಕ್ಕೆ ಹಮಾಲಿ, ಅದಕ್ಕೆ ಸಮಯ, ಅದರಲ್ಲಿ ಒಂದಿಷ್ಟು ನಷ್ಟ. ಲಾರಿ ಬಂದ ಮೇಲೆ ಈ ತಾಪತ್ರಯ ಯಾರಿಗೆ ಬೇಕು? ಲಾರಿ ಮಂಡಿ ಬಾಗಿಲಿಗೇ ಬರುತ್ತದೆ ಅಲ್ವಾ? ಪ್ರಯಾಣಿಕರ ಕಥೆಯೂ ಅಷ್ಟೆ. 1948ರಲ್ಲಿ ಮೈಸೂರು ಸರ್ಕಾರದ ಬಸ್ಸುಗಳು ಶುರುವಾದವು. ಕೋಲಾರದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಈ ಲೈನ್ ಹಿಡಿದರೆ ಯಲಹಂಕ ಮುಟ್ಟುವುದಕ್ಕೇ ಸುಮಾರು 130 ಕಿಲೋಮೀಟರ್. ಊರಿಂದ ಊರಿಗೆ ಬಳಸುತ್ತಾ ಹೋಗುವ ದಾರಿ ಅದು. ರಾಜಧಾನಿಗೆ ಬೇಗ ಮುಟ್ಟಿಸಲಿ ಅಂತ ಅದನ್ನು ಹಾಕಿರಲೇ ಇಲ್ಲ.

1992ರಲ್ಲಿ ರೈಲ್ವೆ ಇಡೀ ದೇಶದ ಗೇಜ್ ಒಂದು ಮಾಡಲು ಹೊರಟಿತು. ಆಗ ರೈಲ್ವೆ ಮಂತ್ರಿಯಾಗಿದ್ದವರು ನಮ್ಮ ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್. ಸಣ್ಣ ರೈಲಿನ ಕಾಲ ಮುಗಿಯಿತು. ಕೋಲಾರ–ಬಂಗಾರಪೇಟೆ ತುಂಡು 1997ರಲ್ಲಿ ಬ್ರಾಡ್ ಗೇಜ್ ಆಯಿತು. ಅಲ್ಲಿ ಓಡಿದ ರೈಲ್ ಬಸ್ಸನ್ನು ಕೋಲಾರದವರು ಇನ್ನೂ ನೆನೆಯುತ್ತಾರೆ. ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್ ಗೇಜ್ ರೈಲು ಬರಲು 2013ರ ತನಕ ಕಾಯಬೇಕಾಯಿತು.

ಒಂದು ಲೈನ್ ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಹಳಿ ಗುಜರಿಗೆ ಹೋಗುತ್ತದೆ. ಆಮೇಲೆ ಹಳಿ ಕೆಳಗಿನ ಅಡ್ಡಪಟ್ಟಿಗಳಾದ ಸ್ಲೀಪರ್, ಜಲ್ಲಿ. ಉಳಿಯುವುದು ಮಣ್ಣಿನ ಏರಿ, ಮೋರಿಗಳು, ಗಡಿ ಕಲ್ಲುಗಳು. ಗ್ರಾಮ ನಕ್ಷೆಯಲ್ಲಿ ಒಂದು ಉದ್ದನೆಯ ಪಟ್ಟಿ. ಸ್ವಲ್ಪ ದಿನಕ್ಕೆ ಏರಿ ಮೇಲೆ ಗಾಡಿ ಓಡಾಡುತ್ತದೆ, ಬಣವೆ ಏಳುತ್ತದೆ. ನಗರದ ಅಂಚಿನಲ್ಲಾದರೆ ಲೇಔಟ್‌ನವರು ಗಡಿ ಕಲ್ಲನ್ನೇ ಕೀಳುತ್ತಾರೆ. ಒಂದೇ ಕಡೆ ನೂರು ಮೀಟರ್ ಹೋದರೂ ಸಾಕು, ಇಡೀ ದಾರಿ ಕೆಟ್ಟಂತೆ. ರೈಲಿಗೆ ಮುಕ್ಕಾಲು ದಾರಿ ಇದ್ದು ಏನು ಪ್ರಯೋಜನ? 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ನಗರದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯಲ್ಲಿ ನಾಲ್ಕು ಪಟ್ಟಿನ ತನಕ ಪರಿಹಾರ ಕೊಡಬೇಕು. ಅದು ನ್ಯಾಯವೇ. ಜಮೀನು ಕಳೆದುಕೊಳ್ಳುವವರಿಗೆ ಅಷ್ಟಾದರೂ ಸಿಗಬೇಕು. ಆದರೆ ದೇವನಹಳ್ಳಿ ಸುತ್ತಮುತ್ತ ಇವತ್ತು ಹೊಸದಾಗಿ ರೈಲು ಪಟ್ಟಿ ಕೊಳ್ಳುವ ಖರ್ಚು ಯೋಚಿಸಿ ನೋಡಿ. 1915ರ ಆ ಕಿರಿದಾದ ಪಟ್ಟಿ ಎಷ್ಟು ಉಳಿಸಿಕೊಟ್ಟಿದೆ ಎಂದು ಆಗ ಗೊತ್ತಾಗುತ್ತದೆ.

ವಿಮಾನ ನಿಲ್ದಾಣದ ಹಾಲ್ಟ್‌ಗೆ ಜನ ಬರಲ್ಲ ಎಂಬ ದೂರು ಸುಮ್ನೆ ಹುಟ್ಟಿದ್ದಲ್ಲ. ಆದರೆ ತಪ್ಪು ದಾರಿಯದ್ದಲ್ಲ. ಒಂಟಿ ಹಳಿಯಲ್ಲಿ ಎದುರುಬದುರು ಬರುವ ರೈಲುಗಳು ಲೂಪ್, ಅಂದರೆ ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲುವ ಹಳಿ ಇರುವ ಸ್ಟೇಷನ್‌ನಲ್ಲಿ ಮಾತ್ರ ದಾಟಿಕೊಳ್ಳಬಹುದು. ಅದಕ್ಕೇ ರೈಲುಗಳ ಸಂಖ್ಯೆ ಕಡಿಮೆ. ವಿಮಾನಗಳು ಹಗಲು ರಾತ್ರಿ ಬರುತ್ತವೆ, ರೈಲು ಬರುವುದು ಕೆಲವೇ ಹೊತ್ತಿಗೆ. ಇಳಿದ ಮೇಲೆ ಟರ್ಮಿನಲ್‌ಗೆ ಇನ್ನೊಂದು ಬಸ್ ಹತ್ತಬೇಕು. ಉಪನಗರ ರೈಲು ಯೋಜನೆಯ 148 ಕಿಲೋಮೀಟರ್‌ನಲ್ಲಿ ‘ಸಂಪಿಗೆ’ ಎಂಬ ಕಾರಿಡಾರ್ ಇದೆ. ಮೆಜೆಸ್ಟಿಕ್‌ನಿಂದ ಯಲಹಂಕ ಮೇಲೆ ದೇವನಹಳ್ಳಿಗೆ ಸುಮಾರು 41 ಕಿಲೋಮೀಟರ್. ಕೆಲಸ ಮೊದಲು ಶುರುವಾದದ್ದು ‘ಮಲ್ಲಿಗೆ’ ಕಾರಿಡಾರ್‌ನಲ್ಲಿ. ನನ್ನನ್ನು ಕೇಳಿದರೆ ಸಂಪಿಗೆ ಇಷ್ಟು ಹಿಂದೆ ಬೀಳಬಾರದಿತ್ತು.

ಎರಡನೇ ಹಳಿ ಹಾಕಲು ದಾರಿ ಅಗಲ ಮಾಡುವಾಗ ಇನ್ನೊಂದು ವಿಷಯ ನೆನಪಿರಲಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಸಣ್ಣ ರೈಲಿನ ಕಾಲದ ಸ್ಟೇಷನ್ ಕಟ್ಟಡಗಳಿವೆ. ಪಾಳುಬಿದ್ದಿದ್ದ ಇವನ್ನು ಸರಿಪಡಿಸುವ ಕೆಲಸಕ್ಕೆ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ ಕೈ ಹಾಕಿತು. ಎರಡನೇ ಹಳಿಯನ್ನು ಯಾವ ಬದಿಗೆ ಹಾಕಬೇಕು ಎಂದು ನಕ್ಷೆಯ ಹಂತದಲ್ಲೇ ತೀರ್ಮಾನಿಸಿದರೆ ಇವು ಉಳಿಯುತ್ತವೆ. ಕಟ್ಟಡ ಇರುವ ಬದಿ ಬಿಟ್ಟು ಎದುರು ಬದಿಗೆ ಹಳಿ ಹಾಕಲು ಜಾಗ ಸಾಕೇ ಎಂದು ಮೊದಲ ಸರ್ವೆಯಲ್ಲೇ ಅಳೆಯಬೇಕು. ಟೆಂಡರ್ ಆದ ಮೇಲೆ ಅಳೆದರೆ ಕಟ್ಟಡವೇ ಹೋಗುತ್ತದೆ.