ಬೇನಿಷಾ ಎನ್ನಲಾಗದ ದಲ್ಲಾಳಿ: ಮಿದುಳಿನ ಗಡ್ಡೆ ಮತ್ತು ಮಾತಿನ ಕಾಲುವೆಗಳು

ನಮ್ಮ ಸೋದರಮಾವ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮೂವತ್ತು ವರ್ಷ ದಲ್ಲಾಳಿಯಾಗಿದ್ದವರು. ಒಂದು ಸೀಸನ್ನಿನಲ್ಲಿ ಬೇನಿಷಾ ತಳಿಯ ಮಾವಿನ ರಾಶಿಯ ಮುಂದೆ ನಿಂತು "ಅದೇ... ಅದು..." ಎಂದು ತಡವರಿಸತೊಡಗಿದರು. ರಸಪುರಿಯನ್ನು ಬಾದಾಮಿ ಅಂದರು. ಎಣಿಕೆ ಮಾತ್ರ ಒಕಟಿ, ರೆಂಡು, ಮೂಡು ಎಂದು ಮನೆಮಾತು ತೆಲುಗಿನಲ್ಲಿ ಸರಾಗವಾಗಿ ಸಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಫಿಟ್ಸ್ ಬಂತು. ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಮಿದುಳಿನ ಎಡಭಾಗದಲ್ಲಿ ಗಡ್ಡೆ ಕಂಡಿತು.

ಲಕ್ವ ಹೊಡೆದರೆ ಮಾತು ಒಂದೇ ಗಳಿಗೆಯಲ್ಲಿ ಬಿದ್ದುಹೋಗುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ. ನಿಧಾನವಾಗಿ ಬೆಳೆಯುವ ಗಡ್ಡೆ ಹಾಗಲ್ಲ. ಇವತ್ತು ಒಂದು ಹೆಸರು, ಮುಂದಿನ ತಿಂಗಳು ಇನ್ನೊಂದು. ಯಾಕೆ ಹೀಗೆ ಎಂಬುದು ವೈದ್ಯರಿಗೆ ಅರ್ಥವಾಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

1861ರಲ್ಲಿ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ತೀರಿಕೊಂಡ. ಏನು ಕೇಳಿದರೂ ಅವನ ಬಾಯಿಂದ "ತಾನ್" ಎಂಬ ಒಂದೇ ಉಲಿ ಬರುತ್ತಿತ್ತು. ಇತರರ ಮಾತು ಬಹುಪಾಲು ಅರ್ಥವಾಗುತ್ತಿತ್ತು. ವೈದ್ಯ ಪಾಲ್ ಬ್ರೋಕಾ ಆ ಮಿದುಳನ್ನು ನೋಡಿ, ಎಡಗಡೆ ಹಣೆಯ ಹಿಂದಿನ ಭಾಗ ಹಾಳಾಗಿದ್ದುದನ್ನು ತೋರಿಸಿದರು. 1874ರಲ್ಲಿ 26 ವರ್ಷದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ, ಹಿಂದಿನ ಇನ್ನೊಂದು ಜಾಗ ಕೆಟ್ಟರೆ ಮಾತು ಸರಾಗವಾಗಿದ್ದರೂ ಅರ್ಥ ತಪ್ಪುತ್ತದೆ ಎಂದರು. ಎರಡರ ನಡುವಿನ ನಾರುಗಳು ಕಡಿದರೂ ಮಾತು ಕೆಡಬೇಕೆಂದು ಅವರೇ ಊಹಿಸಿದ್ದರು. ಆದರೂ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಉಳಿದದ್ದು ಎರಡು ಚುಕ್ಕೆಗಳೇ. ಲೆಬೋರ್ನ್‌ನ ಮಿದುಳನ್ನು ಬ್ರೋಕಾ ಕತ್ತರಿಸದೆ ಕಾಪಾಡಿಟ್ಟದ್ದು ದೊಡ್ಡ ಉಪಕಾರ: 2007ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನದಲ್ಲಿ ಹಾನಿ ಒಳಗಿನ ನಾರುಗಳವರೆಗೂ ಇಳಿದಿದ್ದುದು ಕಂಡಿತು.

ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ಕೆರೆಗಳ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಎಲ್ಲೋ ಮಧ್ಯೆ ಕಾಲುವೆ ಒತ್ತುವರಿಯಾದರೆ ದೂರದ, ಒಡೆಯದ ಕೆರೆ ಒಣಗುತ್ತದೆ. ಮಿದುಳಿನ ಮೇಲ್ಪದರದ ಜಾಗಗಳು ಕೆರೆಗಳಾದರೆ, ಒಳಗಿನ ಬಿಳಿ ನಾರುಗಳು ಕಾಲುವೆಗಳು. ಗ್ಲಯೋಮಾ ಎಂಬ ಗಡ್ಡೆ ಈ ನಾರುಗಳ ಗುಂಟ ಹರಡುತ್ತದೆ. ಅದರ ಸುತ್ತಲಿನ ಊತವೂ ಕಾಲುವೆಯನ್ನು ಅದುಮುತ್ತದೆ. ಊತ ಇಳಿಸುವ ಡೆಕ್ಸಾಮೆಥಾಸೋನ್ ಎಂಬ ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ಮಾವನಿಗೆ ಅರ್ಧ ಮಾತು ಮರಳಿದಾಗ ನಾವು ಗುಣವಾಯಿತೆಂದೇ ನಂಬಿದೆವು. ಇಳಿದದ್ದು ಊತ ಮಾತ್ರ.

ಜೀವಂತ ಮನುಷ್ಯನ ಮಾತಿನ ನಕ್ಷೆ ಸಿಕ್ಕಿದ್ದು ಮಾಂಟ್ರಿಯಲ್‌ನಲ್ಲಿ. ಅಲ್ಲಿನ ಮಿದುಳು ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ, ಮಾತು ತಡೆದ ಜಾಗಗಳನ್ನು ಗುರುತು ಮಾಡುತ್ತಿದ್ದರು. ಮಿದುಳಿಗೆ ತನ್ನ ನೋವು ತಿಳಿಯುವುದಿಲ್ಲವಾದ್ದರಿಂದ ಇದು ಸಾಧ್ಯ. 1989ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಓಜೆಮನ್ 117 ರೋಗಿಗಳ ನಕ್ಷೆ ಪ್ರಕಟಿಸಿದಾಗ, ಆ ಜಾಗಗಳು ಮನುಷ್ಯನಿಂದ ಮನುಷ್ಯನಿಗೆ ಬಹಳ ಬದಲಾಗುತ್ತವೆ ಎಂದು ಸ್ಪಷ್ಟವಾಯಿತು. ಆಮೇಲೆ ಫ್ರಾನ್ಸಿನ ಮಾಂಪೆಲಿಯೇದಲ್ಲಿ ಶಸ್ತ್ರವೈದ್ಯ ಯೂಗ್ ದ್ಯುಫೋ ಒಳಗಿನ ನಾರುಗಳನ್ನೂ ಹೀಗೆಯೇ ಪರೀಕ್ಷಿಸಿದರು. ನಿಧಾನದ ಗ್ಲಯೋಮಾ ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಅಗಲವಾಗುತ್ತದೆ. ಅಷ್ಟು ಬಿಡುವು ಸಿಕ್ಕರೆ ಮಿದುಳು ಒಂದು ಕೆರೆಯ ಕೆಲಸವನ್ನು ಪಕ್ಕದ್ದಕ್ಕೆ ಒಪ್ಪಿಸುತ್ತದೆ. ಕಾಲುವೆ ಹೋದರೆ ಬದಲಿ ಸಿಗುವುದು ಬಹಳ ಕಷ್ಟ.

ಈಚೆಗೆ ತಿಳಿದದ್ದು ಇನ್ನೂ ಕಳವಳದ ಸಂಗತಿ. ಗಡ್ಡೆಯ ಜೀವಕೋಶಗಳು ನರಕೋಶಗಳೊಂದಿಗೆ ನೇರ ಸಂಪರ್ಕ ಬೆಳೆಸಿ, ಅವುಗಳ ಸಂಕೇತಗಳಿಂದಲೇ ಬೆಳೆಯುತ್ತವೆ ಎಂದು 2019ರಲ್ಲಿ ಪ್ರಕಟವಾಯಿತು. ಮಾತಾಡುವಾಗ ಗಡ್ಡೆ ಹೊಕ್ಕ ಜಾಗವೂ ಚುರುಕಾಗುತ್ತದೆ ಎಂದು 2023ರ ಅಧ್ಯಯನವೊಂದು ತೋರಿಸಿತು.

ಎರಡು ಮೂರು ಭಾಷೆಗಳ ಬಾಯಿ ನಮ್ಮದು. ಮುಳಬಾಗಿಲಿನಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು, ಶಾಲೆ ಕಚೇರಿಗೆ ಕನ್ನಡ. ಮಾತು ಮರಳುವಾಗ ಮೊದಲು ಕಲಿತ ಭಾಷೆ ಗಟ್ಟಿಯಾಗಿರುತ್ತದೆ ಎಂದು 1881ರಲ್ಲಿ ಫ್ರಾನ್ಸಿನ ಮನಃಶಾಸ್ತ್ರಜ್ಞ ರಿಬೋ ಹೇಳಿದರು. ಹೆಚ್ಚು ಬಳಸಿದ ಭಾಷೆ ಎಂದು 1895ರಲ್ಲಿ ಅಲ್ಲಿನ ವೈದ್ಯ ಪಿತ್ರ್ ವಾದಿಸಿದರು. ಎರಡಕ್ಕೂ ಉದಾಹರಣೆಗಳಿವೆ. 1978ರಲ್ಲಿ ಓಜೆಮನ್ ಮತ್ತು ವಿಟೇಕರ್, ಎರಡೂ ಭಾಷೆಗಳಿಗೆ ಸೇರಿದ ಜಾಗಗಳೂ ಒಂದೊಂದಕ್ಕೇ ಮೀಸಲಾದ ಜಾಗಗಳೂ ಇವೆ ಎಂದು ಕಂಡರು. ಅಂದ ಮೇಲೆ ಒಂದೇ ಭಾಷೆಯಲ್ಲಿ ಪರೀಕ್ಷೆ ಮಾಡಿ ಕತ್ತರಿ ಹಿಡಿದರೆ ಇನ್ನೊಂದು ಭಾಷೆ ಬಲಿಯಾಗಬಹುದು. ಮಾವನನ್ನು ಮೊದಲ ದಿನ ಕನ್ನಡದಲ್ಲಿ ಮಾತ್ರ ಕೇಳಿದರು. ತೆಲುಗಿನಲ್ಲೂ ಕೇಳಿ ಎಂದು ಅತ್ತೆ ಹಟ ಹಿಡಿದದ್ದು ಸರಿಯಾಗಿತ್ತು. ಕನ್ನಡದಲ್ಲಿ ಅಫೇಸಿಯಾ, ಅಂದರೆ ಮಿದುಳಿನ ಹಾನಿಯಿಂದ ಮಾತು ಕೆಡುವ ತೊಂದರೆಯ, ಪರೀಕ್ಷೆಗಳು ರೂಪುಗೊಂಡಿವೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪಳಗಿದ ವಾಕ್ ತಜ್ಞರೂ ಇದ್ದಾರೆ. ಗಡಿಜಿಲ್ಲೆಯ ರೋಗಿಗೆ ಮನೆಮಾತಿನ ಪರೀಕ್ಷೆಯೂ ಆಗಲೇಬೇಕು.

ಆಪರೇಷನ್‌ಗೆ ಮುಂಚೆ ಅತ್ತೆ ಮಂಡಿಯ ಹುಡುಗರಿಂದ ಹಣ್ಣು, ತಕ್ಕಡಿ, ಬುಟ್ಟಿ, ಲಾರಿಗಳ ಫೋಟೊ ತೆಗೆಸಿ ಕೊಟ್ಟರು. ಎಚ್ಚರವಿದ್ದ ಮಾವ ಅವನ್ನು ನೋಡಿ ಎರಡೂ ಭಾಷೆಯಲ್ಲಿ ಹೆಸರು ಹೇಳುತ್ತಿದ್ದಂತೆ ಗಡ್ಡೆ ತೆಗೆದರು. ಒಂದು ಕಡೆ ಹೆಸರುಗಳು ತಪ್ಪತೊಡಗಿದವು. ಅಲ್ಲಿಯೇ ಕೈ ನಿಲ್ಲಿಸಿ, ನಾರಿಗೆ ಅಂಟಿದ ತುಣುಕನ್ನು ಬಿಟ್ಟರು. ಮೂರು ವಾರ ಮಾತು ಮೊದಲಿಗಿಂತ ಕೆಟ್ಟಿತ್ತು. ಈಗ ತೆಲುಗು ಬಹುಪಾಲು ಬಂದಿದೆ, ಕನ್ನಡ ನಿಧಾನವಾಗಿ ಬರುತ್ತಿದೆ. ಉಳಿದ ತುಣುಕು ಬೆಳೆಯುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿದ್ದೇವೆ.